ಕಿರ್ದಿಯಿಂದ ಖತಾವಣಿಗೆ: ಕನ್ನಡದಲ್ಲಿ ಹುಡುಕುವ ವಿದ್ಯೆ

ಹುಬ್ಬಳ್ಳಿಯಿಂದ ಬೆಂಗಳೂರಿನ ಕಡೆಗೆ ಹೊರಟ ರೈಲಿನಲ್ಲಿ ಕುಳಿತವರಿಗೆ ಹಾವೇರಿ, ಬ್ಯಾಡಗಿ, ರಾಣೇಬೆನ್ನೂರು ಎಂಬ ಮೂರು ಊರುಗಳು ಒಂದರ ಬೆನ್ನಿಗೆ ಒಂದು ಎದುರಾಗುತ್ತವೆ. ಮೊದಲನೆಯದು 1997ರಿಂದ ಜಿಲ್ಲೆಯ ಮುಖ್ಯ ಸ್ಥಳ. ಎರಡನೆಯದು ಮೆಣಸಿನಕಾಯಿಯ ಪೇಟೆ. ಮೂರನೆಯದು ಹತ್ತಿ ಮತ್ತು ಬಿತ್ತನೆ ಬೀಜಗಳ ವ್ಯಾಪಾರಕ್ಕೆ ಹೆಸರಾದದ್ದು. ಈ ಮೂರು ಊರುಗಳಲ್ಲಿಯೂ ಇಂದು ಮೆಣಸಿನಕಾಯಿಯ ಧಾರಣೆಯಾಗಲಿ, ಬಸ್ಸಿನ ವೇಳೆಯಾಗಲಿ, ಮಕ್ಕಳ ಪರೀಕ್ಷೆಯ ಫಲಿತಾಂಶವಾಗಲಿ ಬೇಕಾದರೆ ಜನರು ಕೈಯಲ್ಲಿಯ ಫೋನನ್ನು ಕೇಳುತ್ತಾರೆ. ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ ಬರುತ್ತದೆ. ಯಂತ್ರಕ್ಕೆ ಈ ವಿದ್ಯೆ ಎಲ್ಲಿಂದ ಬಂದಿತು? ಇದು ನಿನ್ನೆ ಮೊನ್ನೆ ಹುಟ್ಟಿದ್ದಲ್ಲ. ಯಂತ್ರ ಹೊಸದು, ವಿದ್ಯೆ ಹಳೆಯದು.

ಬ್ಯಾಡಗಿಯ ಯಾವ ಹಳೆಯ ದಲಾಲಿ ಅಂಗಡಿಯವರನ್ನು ಕೇಳಿದರೂ ಇದರ ಮೂಲತತ್ತ್ವವನ್ನು ಅವರು ತಿಳಿಸಿಕೊಡಬಲ್ಲರು. ಅಂಗಡಿಯಲ್ಲಿ ಎರಡು ಬಗೆಯ ಪುಸ್ತಕಗಳಿರುತ್ತಿದ್ದವು. ಒಂದು ಕಿರ್ದಿ. ಅದರಲ್ಲಿ ಆಯಾ ದಿನದ ವ್ಯವಹಾರವನ್ನು ನಡೆದ ಕ್ರಮದಲ್ಲಿಯೇ ಬರೆಯುತ್ತಾರೆ. ಇನ್ನೊಂದು ಖತಾವಣಿ. ಅದರಲ್ಲಿ ಒಬ್ಬೊಬ್ಬ ರೈತನ ಹೆಸರಿಗೆ ಒಂದೊಂದು ಪುಟ. ಯಾವ ದಿನ, ಕಿರ್ದಿಯ ಯಾವ ಪುಟದಲ್ಲಿ ಅವನ ಲೆಕ್ಕವಿದೆ ಎಂಬುದು ಅಲ್ಲಿ ನಮೂದಾಗಿರುತ್ತದೆ. ಕಿರ್ದಿಯೊಂದೇ ಇದ್ದರೆ ಒಬ್ಬನ ಬಾಕಿಯನ್ನು ತಿಳಿಯಲು ವರ್ಷದ ಪುಟಗಳನ್ನೆಲ್ಲ ತಿರುವಬೇಕು. ಖತಾವಣಿ ಇದ್ದರೆ ಹೆಸರು ತೆಗೆದರೆ ಸಾಕು. ಕಾಲಕ್ರಮದಲ್ಲಿ ಬಿದ್ದಿರುವ ಮಾಹಿತಿಯನ್ನು ಹೆಸರಿನ ಕ್ರಮಕ್ಕೆ ಮಗುಚಿ ಹಾಕುವುದು, ಇಷ್ಟೇ ಹುಡುಕುವ ವಿದ್ಯೆಯ ಗುಟ್ಟು. ಜಗತ್ತಿನ ದೊಡ್ಡ ಶೋಧಯಂತ್ರಗಳೂ ಮೊದಲು ಮಾಡುವ ಕೆಲಸ ಇದೇ.

ನಮ್ಮ ಪೂರ್ವಿಕರ ಖತಾವಣಿ ಬೇರೆ ತೆರನಾಗಿತ್ತು. ಅದು ಕಂಠದಲ್ಲಿತ್ತು. ಅಮರಕೋಶವು ಶಬ್ದಗಳನ್ನು ಅಕ್ಷರಕ್ರಮದಲ್ಲಿ ಇಡದೆ ಸ್ವರ್ಗ, ಭೂಮಿ, ವನಸ್ಪತಿ, ಮನುಷ್ಯ ಎಂದು ವರ್ಗವರ್ಗವಾಗಿ ಪದ್ಯದಲ್ಲಿ ಇಟ್ಟಿತು. ಕನ್ನಡದಲ್ಲಿ ರನ್ನಕಂದವೂ ನಾಗವರ್ಮನ ಅಭಿಧಾನವಸ್ತುಕೋಶವೂ ಪದ್ಯರೂಪದ ನಿಘಂಟುಗಳೇ. ಪದ್ಯವಾದರೆ ಬಾಯಿಪಾಠಕ್ಕೆ ಅನುಕೂಲ. ಒಂದು ಶಬ್ದ ಬೇಕಾದಾಗ ಆ ಪದ್ಯವೇ ನಾಲಗೆಗೆ ಬರುತ್ತದೆ. ಓಲೆಗರಿಯ ಕಾಲಕ್ಕೆ ಇದಕ್ಕಿಂತ ವೇಗದ ಶೋಧ ಬೇರೆ ಇರಲಿಲ್ಲ. ಆದರೆ ಅದರ ಮಿತಿಯೂ ಸ್ಪಷ್ಟ. ಬಾಯಿಪಾಠ ಮಾಡಿದವನು ಹೋದರೆ ಖತಾವಣಿಯೂ ಅವನೊಂದಿಗೆ ಹೋಗುತ್ತಿತ್ತು.

ಪಶ್ಚಿಮದಲ್ಲಿ ಸುಮಾರು 1230ರ ಹೊತ್ತಿಗೆ ಪ್ಯಾರಿಸ್ಸಿನಲ್ಲಿ ಸೇಂಟ್ ಶೇರ್‌ನ ಹ್ಯೂ ಎಂಬ ಪಾದ್ರಿಯು ಮಠದ ಅನೇಕ ಸಂನ್ಯಾಸಿಗಳನ್ನು ಕೂಡಿಸಿಕೊಂಡು, ಬೈಬಲಿನ ಶಬ್ದಗಳು ಎಲ್ಲೆಲ್ಲಿ ಬಂದಿವೆ ಎಂಬ ಅಕಾರಾದಿ ಪಟ್ಟಿಯನ್ನು ಸಿದ್ಧಪಡಿಸಿದನು. ಕನ್ನಡಕ್ಕೆ ಆ ಬಗೆಯ ಅಕ್ಷರಕ್ರಮದ ಶಿಸ್ತನ್ನು ದೊಡ್ಡ ಪ್ರಮಾಣದಲ್ಲಿ ತಂದುಕೊಟ್ಟವರು ರೆವರೆಂಡ್ ಫರ್ಡಿನೆಂಡ್ ಕಿಟ್ಟೆಲ್. 1853ರಲ್ಲಿ ನಮ್ಮ ನಾಡಿಗೆ ಬಂದ ಈ ಜರ್ಮನ್ ವಿದ್ವಾಂಸರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಹೊರಬಂದಿತು. ಸುಮಾರು 70,000 ಶಬ್ದಗಳ ಆ ಗ್ರಂಥವನ್ನು ಇಂದಿಗೂ ಕನ್ನಡ ಪಂಡಿತರು ಮೇಜಿನ ಮೇಲಿನಿಂದ ಇಳಿಸಿಲ್ಲ.

ಇನ್ನು ನಮ್ಮ ಸೀಮೆಯ ಮಾತಿಗೆ ಬರೋಣ. ಧಾರವಾಡದಲ್ಲಿ ಹುಟ್ಟಿ ವಿಜಯಪುರದಲ್ಲಿ ವಕೀಲಿ ಮಾಡಿದ ಫ.ಗು. ಹಳಕಟ್ಟಿಯವರು ಮನೆಮನೆ, ಮಠಮಠ ಅಲೆದು ವಚನಗಳ ಓಲೆಗರಿಗಳನ್ನು ಕೂಡಿಹಾಕಿದರು. 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಹೊರತಂದರು. ಅದರ ಮರುವರ್ಷ, 1924ರಲ್ಲಿ, ರೆವರೆಂಡ್ ಉತ್ತಂಗಿ ಚನ್ನಪ್ಪನವರ ಸರ್ವಜ್ಞನ ವಚನಗಳ ಸಂಕಲನ ಬೆಳಕು ಕಂಡಿತು. ಸರ್ವಜ್ಞನ ಊರೆಂದು ಜನ ಹೇಳುವ ಅಬಲೂರು, ಮಾಸೂರುಗಳು ಹಾವೇರಿ ಜಿಲ್ಲೆಯಲ್ಲಿಯೇ ಇವೆ. ಅಂಬಿಗರ ಚೌಡಯ್ಯನ ನೆನಪನ್ನು ಉಳಿಸಿಕೊಂಡಿರುವ ಚೌಡಯ್ಯದಾನಪುರವು ರಾಣೇಬೆನ್ನೂರು ತಾಲೂಕಿನಲ್ಲಿ, ತುಂಗಭದ್ರೆಯ ದಂಡೆಯ ಮೇಲಿದೆ. ಅಲ್ಲಿಯ ಮುಕ್ತೇಶ್ವರ ದೇವಾಲಯವನ್ನೂ ಶಾಸನಗಳನ್ನೂ ನೋಡಿದವರು ಆ ನೆಲದ ಹಳಮೆಯನ್ನು ಬಲ್ಲರು.

ಈ ಸಂಗ್ರಾಹಕರಿಗೆ ಕೈದೀಪವಾದದ್ದು ಯಾವುದು? ಅಂಕಿತ. ವಚನದ ಕೊನೆಯಲ್ಲಿ ಬರುವ ಕೂಡಲಸಂಗಮದೇವನೆಂಬ ಹೆಸರು ಇದು ಬಸವಣ್ಣನದೆಂದು ಸಾರುತ್ತದೆ. ಅಂಬಿಗರ ಚೌಡಯ್ಯನಂತೂ ದೇವರ ಹೆಸರನ್ನು ಬಿಟ್ಟು ತನ್ನ ಹೆಸರನ್ನೇ ಅಂಕಿತ ಮಾಡಿಕೊಂಡ ಧೀರ. ಬಿಡಿಬಿಡಿಯಾಗಿ, ಕಟ್ಟು ಬಿಚ್ಚಿ ಚೆದರಿದ ಗರಿಗಳಲ್ಲಿ ಯಾವುದು ಯಾರದೆಂದು ವಿಂಗಡಿಸಲು ಅಂಕಿತವೇ ಆಧಾರ. ಪೇಟೆಯಲ್ಲಿ ಮೆಣಸಿನಕಾಯಿ ಚೀಲದ ರಾಶಿಗೆ ಹಚ್ಚುವ ಲಾಟ್ ನಂಬರು ಹೇಗೋ ವಚನಕ್ಕೆ ಅಂಕಿತವು ಹಾಗೆ. ನಂಬರು ಕಳೆದರೆ ಮಾಲು ಯಾರದೆಂದು ಹೇಳುವವರಾರು?

ಕನ್ನಡ ಸಾಹಿತ್ಯ ಪರಿಷತ್ತಿನ ಬೃಹತ್ ನಿಘಂಟಿನ ಕಾರ್ಯವೂ ಇದೇ ಪರಂಪರೆಯದು. ಹಳೆಯ ಕಾವ್ಯಗಳನ್ನೂ ಶಾಸನಗಳನ್ನೂ ಓದಿ, ಒಂದೊಂದು ಶಬ್ದಕ್ಕೆ ಒಂದೊಂದು ಚೀಟಿ ಬರೆದು, ಪ್ರಯೋಗ ಸಹಿತವಾಗಿ ಜೋಡಿಸುವುದು ತಪಸ್ಸಿನಂಥ ಕೆಲಸ. ಎಂಟು ಸಂಪುಟಗಳ ಆ ನಿಘಂಟು ಪೂರ್ಣವಾದದ್ದು 1995ರಲ್ಲಿ. ಇತ್ತ ಉತ್ತಂಗಿ ಚನ್ನಪ್ಪನವರು ಕಲಬುರ್ಗಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದ 1949ರಲ್ಲಿಯೇ ಅತ್ತ ಇಟಲಿಯ ಪಾದ್ರಿ ರೊಬೆರ್ತೊ ಬೂಸಾ ಅವರು ಅಮೆರಿಕದ ಐ.ಬಿ.ಎಂ. ಸಂಸ್ಥೆಯ ಮುಖ್ಯಸ್ಥರನ್ನು ಕಂಡು, ಸಂತ ಥಾಮಸ್ ಅಕ್ವಿನಾಸನ ಗ್ರಂಥಗಳ ಶಬ್ದಸೂಚಿಗೆ ಯಂತ್ರದ ಸಹಾಯ ಬೇಡಿದರು. ಚೀಟಿಯ ಕೆಲಸವನ್ನು ಯಂತ್ರವು ಕೈಗೆತ್ತಿಕೊಂಡ ಕಥೆ ಅಲ್ಲಿಂದ ಬಲವಾಗುತ್ತದೆ.

ಮುಂದಿನದನ್ನು ಬೇಗ ಹೇಳಿ ಮುಗಿಸಬಹುದು. 1989ರಲ್ಲಿ ಟಿಮ್ ಬರ್ನರ್ಸ್-ಲೀ ಅವರು ಜಿನೀವಾದಲ್ಲಿ ಜಾಲದ ಯೋಜನೆ ಮುಂದಿಟ್ಟರು. 1990ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಆರ್ಚಿ ಎಂಬ ಮೊದಲ ಶೋಧ ಸಾಧನ ಸಿದ್ಧವಾಯಿತು. 1995ರ ಆಗಸ್ಟ್ 15ರಂದು ನಮ್ಮ ದೇಶದ ಸಾರ್ವಜನಿಕರಿಗೆ ಅಂತರಜಾಲದ ಬಾಗಿಲು ತೆರೆಯಿತು. 1998ರಲ್ಲಿ ಲ್ಯಾರಿ ಪೇಜ್ ಮತ್ತು ಸರ್ಗೆ ಬ್ರಿನ್ ಎಂಬಿಬ್ಬರು ತರುಣರು ಗೂಗಲನ್ನು ಸ್ಥಾಪಿಸಿದರು. ಅವರ ಹೊಸತನ ಇಷ್ಟು: ಒಂದು ಶಬ್ದವಿರುವ ಸಾವಿರ ಪುಟಗಳಲ್ಲಿ ಯಾವುದನ್ನು ಮೊದಲು ತೋರಿಸಬೇಕು ಎಂಬುದಕ್ಕೆ, ಯಾವ ಪುಟದ ಕಡೆಗೆ ಬೇರೆ ಪುಟಗಳು, ಅದರಲ್ಲಿಯೂ ಗಣ್ಯವಾದ ಪುಟಗಳು, ಬೆರಳು ಮಾಡುತ್ತವೆಯೋ ಅದಕ್ಕೆ ಅಗ್ರಸ್ಥಾನ. ಊರಿನ ನಾಲ್ಕು ಹಿರಿಯರು ಯಾರನ್ನು ಕೇಳಿರೆಂದು ಹೇಳುತ್ತಾರೋ ಅವರ ಮನೆಗೆ ನಾವು ಹೋಗುವುದಿಲ್ಲವೇ, ಹಾಗೆ.

ಆದರೆ ಕನ್ನಡದ ಖತಾವಣಿ ಬರೆಯಲು ಯಂತ್ರಕ್ಕೆ ಮೊದಲು ಕನ್ನಡದ ಅಕ್ಷರ ತಿಳಿಯಬೇಕು. ಯೂನಿಕೋಡ್ ಎಂಬ ಜಾಗತಿಕ ಅಕ್ಷರಸಂಕೇತದಲ್ಲಿ 1991ರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆಯಿತು. ಆದರೂ ಬಳಕೆಗೆ ಅದು ಬರಲು ಬಹಳ ವರ್ಷ ಹಿಡಿಯಿತು. ನಡುವಿನ ಕಾಲದಲ್ಲಿ ಕೆ.ಪಿ. ರಾವ್ ಅವರ ಕೀಲಿಮಣೆಯ ವಿನ್ಯಾಸ, 1998ರಲ್ಲಿ ಶೇಷಾದ್ರಿವಾಸು ಅವರ ಬರಹ, ಅನಂತರ ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶ, ಇವು ಕನ್ನಡಿಗರ ಕೈಗೆ ಗಣಕವನ್ನು ಒಪ್ಪಿಸಿದವು. ಅವರ ಉಪಕಾರ ದೊಡ್ಡದು. ಆದರೆ ಅಂದಿನ ಕಡತಗಳಲ್ಲಿ ಬಹಳಷ್ಟು ಅಕ್ಷರದ ಆಕಾರವನ್ನು ಮಾತ್ರ ಉಳಿಸಿಕೊಂಡವು, ಅಕ್ಷರದ ಅರ್ಥಸಂಕೇತವನ್ನಲ್ಲ. ಕಣ್ಣಿಗೆ ಕನ್ನಡ, ಯಂತ್ರಕ್ಕೆ ಅರ್ಥವಿಲ್ಲದ ರೋಮನ್ ಚಿಹ್ನೆಗಳ ಸಾಲು! ಅವನ್ನು ಯೂನಿಕೋಡಿಗೆ ಪರಿವರ್ತಿಸದ ಹೊರತು ಯಾವ ಶೋಧಯಂತ್ರಕ್ಕೂ ಅವು ಸಿಗಲಾರವು. ಬರೆದದ್ದು ಉಂಟು, ಖತಾವಣಿಯಲ್ಲಿ ಇಲ್ಲ.

ಇನ್ನೂ ಮೂರು ತೊಡಕುಗಳಿವೆ. ನಮ್ಮ ಮೂರು ಊರುಗಳ ಹೆಸರಿನಿಂದಲೇ ಅವನ್ನು ತೋರಿಸಬಹುದು. ಹಾವೇರಿಯನ್ನು ತೆಗೆದುಕೊಳ್ಳಿರಿ. ಹಾವೇರಿಗೆ, ಹಾವೇರಿಯಿಂದ, ಹಾವೇರಿಯಲ್ಲಿಯೂ, ಹಾವೇರಿಯವರನ್ನು. ವಿಭಕ್ತಿ ಹತ್ತಿದಂತೆಲ್ಲ ರೂಪ ಬದಲಾಗುತ್ತದೆ. ಬರಿ ರೂಪವನ್ನು ನೋಡುವ ಯಂತ್ರಕ್ಕೆ ಇವು ನಾಲ್ಕು ಬೇರೆ ಶಬ್ದಗಳು. ಸಂಧಿಯನ್ನು ಬಿಡಿಸಿ ಪ್ರಕೃತಿಯನ್ನು ಹೆಕ್ಕಲು ಅದಕ್ಕೆ ವ್ಯಾಕರಣ ಬೇಕು. 13ನೆಯ ಶತಮಾನದಲ್ಲಿ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಸಂಧಿ, ನಾಮ, ಆಖ್ಯಾತಗಳೆಂದು ವಿಂಗಡಿಸಿಕೊಟ್ಟ ವಿದ್ಯೆಯೇ ಇಂದು ತಂತ್ರಜ್ಞರ ಮೇಜಿಗೆ ಬಂದಿದೆ. ಎರಡನೆಯದು ರಾಣೇಬೆನ್ನೂರು. ಒಬ್ಬರು ರಾಣೇಬೆನ್ನೂರು ಎಂದರೆ ಇನ್ನೊಬ್ಬರು ರಾಣಿಬೆನ್ನೂರು, ಮತ್ತೊಬ್ಬರು ರಾಣೆಬೆನ್ನೂರು ಎಂದು ಬರೆಯುತ್ತಾರೆ. ಇಂಥ ರೂಪಭೇದಗಳು ಒಂದೇ ಊರೆಂದು ಯಂತ್ರಕ್ಕೆ ಯಾರಾದರೂ ಕಲಿಸಬೇಕು. ಮೂರನೆಯದು ಬ್ಯಾಡಗಿ. ಇದನ್ನು ಹುಡುಕುವವರಲ್ಲಿ ಹಲವರು ರೋಮನ್ ಅಕ್ಷರಗಳಲ್ಲಿಯೇ ಬರೆಯುತ್ತಾರೆ, ಅದೂ ಒಬ್ಬೊಬ್ಬರು ಒಂದೊಂದು ರೀತಿ. ಕೇಳುವ ಲಿಪಿ ಬೇರೆ, ಉತ್ತರವಿರುವ ಲಿಪಿ ಬೇರೆ ಆದಾಗ ಕನ್ನಡದಲ್ಲಿ ಬರೆದ ಒಳ್ಳೆಯ ಲೇಖನವು ಹಿಂದೆ ಸರಿಯುತ್ತದೆ.

ಈ ತೊಡಕುಗಳಿಗೆ ಕನ್ನಡಿಗರು ಕೈಕಟ್ಟಿ ಕುಳಿತಿಲ್ಲ. ಡಾ. ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಕರ್ನಾಟಕ ಸರ್ಕಾರವು 1993ರಲ್ಲಿ ಸಮಗ್ರ ವಚನ ಸಂಪುಟಗಳನ್ನು ಹೊರತಂದಿತು. ಆ 15 ಸಂಪುಟಗಳ ವಚನರಾಶಿಯನ್ನು ಶಬ್ದಶಬ್ದವಾಗಿ ಹುಡುಕಬಲ್ಲ ವಚನ ಸಂಚಯವೆಂಬ ಜಾಲತಾಣವನ್ನು 2010ರ ದಶಕದಲ್ಲಿ ತಂತ್ರಜ್ಞ ಓಂಶಿವಪ್ರಕಾಶ್ ಅವರೂ ಗೆಳೆಯರೂ ಕಟ್ಟಿದರು, ವಿಮರ್ಶಕ ಓ.ಎಲ್. ನಾಗಭೂಷಣಸ್ವಾಮಿಯವರ ಮಾರ್ಗದರ್ಶನ ಅವರಿಗಿತ್ತು. ಅಂಬಿಗರ ಚೌಡಯ್ಯನು ದೋಣಿಯ ಮಾತನ್ನು ಎಲ್ಲೆಲ್ಲಿ ಆಡಿದ್ದಾನೆ ಎಂದು ತಿಳಿಯಲು ಹಿಂದೆ ಒಬ್ಬ ವಿದ್ಯಾರ್ಥಿ ಒಂದು ಬೇಸಿಗೆಯ ರಜೆಯನ್ನೇ ಕಳೆಯಬೇಕಾಗಿತ್ತು. ಈಗ ಒಂದು ನಿಮಿಷ ಸಾಕು. ಹಳಕಟ್ಟಿಯವರು ಇದ್ದಿದ್ದರೆ ಎಷ್ಟು ಹಿಗ್ಗುತ್ತಿದ್ದರೋ!

ಇಷ್ಟರಲ್ಲಿ ಇನ್ನೊಂದು ಹೊಸ ಸಾಧನ ಬಂದಿದೆ. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಪ್ರಕಟವಾದಾಗಿನಿಂದ ಯಂತ್ರವು ಪುಟವನ್ನು ತೋರಿಸುವುದಷ್ಟೇ ಅಲ್ಲ, ತಾನೇ ಉತ್ತರವನ್ನು ರಚಿಸಿ ಹೇಳುತ್ತದೆ. ನಮ್ಮ ಶಾಲೆಯ ಹುಡುಗಿಯೊಬ್ಬಳು ಮಳೆಯ ಮೇಲಿನ ಪ್ರಬಂಧದಲ್ಲಿ ಸರ್ವಜ್ಞನದೆಂದು ಒಂದು ತ್ರಿಪದಿಯನ್ನು ಬರೆದು ತಂದಳು. ಮೂರು ಸಾಲು, ಕೊನೆಗೆ ಅಂಕಿತ, ನೀತಿಯೂ ಚೆನ್ನಾಗಿತ್ತು. ಗಣ ಹಾಕಿ ನೋಡಿದರೆ ಕೂಡಲಿಲ್ಲ. ಸಂಕಲನದಲ್ಲಿ ಹುಡುಕಿದರೆ ಸಿಗಲಿಲ್ಲ. "ಎಲ್ಲಿಂದ ತಂದಿಯವ್ವಾ?" ಎಂದೆ. "ಫೋನಿನ್ಯಾಗ ಕೇಳಿದ್ನಿರಿ ಸರ್, ಅದು ಕೊಟ್ತು" ಎಂದಳು. ಮಗು ಸುಳ್ಳು ಹೇಳಿರಲಿಲ್ಲ. ಯಂತ್ರವೂ ಮೋಸದ ಬುದ್ಧಿಯಿಂದ ಹೇಳಿದ್ದಲ್ಲ. ಕಂಡ ಮಾದರಿಯಂತೆ ಹೊಸೆದುಕೊಟ್ಟಿತ್ತು.

ಅವಳನ್ನು ಗದರಿಸಲು ನನಗೆ ಮನಸ್ಸಾಗಲಿಲ್ಲ. ಏಕೆಂದರೆ ಸರ್ವಜ್ಞನ ಹೆಸರಿನಲ್ಲಿ ಪದ ಕಟ್ಟಿ ಸೇರಿಸಿದವರು ಯಂತ್ರಕ್ಕಿಂತ ಮೊದಲೇ ನಮ್ಮಲ್ಲಿ ಬೇಕಾದಷ್ಟು ಜನ ಆಗಿಹೋಗಿದ್ದಾರೆ. ಸಂಕಲನದಲ್ಲಿ ಇಲ್ಲದ ಮಾತ್ರಕ್ಕೆ ಒಂದು ತ್ರಿಪದಿ ಖೊಟ್ಟಿಯೆಂದೂ ಹೇಳಲಾಗದು. ಎಷ್ಟೋ ವಚನಗಳು ಜನರ ಬಾಯಲ್ಲಿಯೇ ಉಳಿದು ಬಂದಂಥವು. ಭೇದವಿರುವುದು ಇಲ್ಲಿ: ಹಳ್ಳಿಯ ಮುದುಕನು ಒಂದು ಪದ ಹೇಳಿದರೆ ಅದನ್ನು ಯಾರಿಂದ ಕಲಿತೆ ಎಂದು ಅವನನ್ನು ಕೇಳಬಹುದು. ಓಲೆಗರಿಯಾದರೆ ಯಾರ ಮನೆಯದೆಂದು ಗುರುತಿಸಬಹುದು. ಖತಾವಣಿಯ ನಮೂದಿನಿಂದ ಹಿಂದಕ್ಕೆ ನಡೆದರೆ ಕಿರ್ದಿಯ ಪುಟ ಸಿಗುತ್ತದೆ. ತಾನೇ ಹೊಸೆದ ಮಾತಿಗೆ ಹಿಂದೆ ಕಿರ್ದಿಯೇ ಇಲ್ಲ. ಕಿರ್ದಿಯಿಲ್ಲದ ಖತಾವಣಿಯನ್ನು ಬ್ಯಾಡಗಿಯ ಯಾವ ವ್ಯಾಪಾರಿಯೂ ನಂಬಲಾರನು. ನಾವೇಕೆ ನಂಬಬೇಕು?

ಆ ಹುಡುಗಿಗೆ ನಾನು ಎರಡು ಕೆಲಸ ಹೇಳಿದೆ. ಒಂದು, ಏನನ್ನೇ ಬರೆದರೂ ಯಾವ ಪುಸ್ತಕದ ಯಾವ ಪುಟವೆಂದು ಪಕ್ಕದಲ್ಲಿ ಬರೆಯುವುದು. ಇನ್ನೊಂದು, ಮನೆಯಲ್ಲಿ ಅಜ್ಜಿಗೆ ಬರುವ ಸರ್ವಜ್ಞನ ವಚನಗಳನ್ನು, ಅವಳು ಹೇಳಿದ ಹಾಗೆಯೇ, ಯೂನಿಕೋಡಿನಲ್ಲಿ ಬೆರಳಚ್ಚು ಮಾಡಿ ಅಜ್ಜಿಯ ಊರು ಸಹಿತ ದಾಖಲಿಸುವುದು. ಎಂಟು ದಿನದಲ್ಲಿ ಹನ್ನೊಂದು ತಂದಳು. ಅವುಗಳಲ್ಲಿ ಎರಡು ನನ್ನ ಕಪಾಟಿನ ಯಾವ ಸಂಕಲನದಲ್ಲಿಯೂ ಇರಲಿಲ್ಲ; ಗಣ ಹಾಕಿದರೆ ಕೂಡಿದವು.

ನಮ್ಮ ಜಿಲ್ಲೆಯ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯವೇ ಇದೆ. ಆದರೆ ಪ್ರತಿ ಮನೆಯ ಜಗಲಿಗೂ ವಿಶ್ವವಿದ್ಯಾಲಯ ಬರಲಾರದು. ಅಟ್ಟದ ಮೇಲಿನ ಹಳೆಯ ಕಿರ್ದಿ, ಪೆಟ್ಟಿಗೆಯಲ್ಲಿಯ ಓಲೆಗರಿ, ಅಜ್ಜಿಯ ಬೀಸುಕಲ್ಲಿನ ಹಾಡು, ಇವನ್ನು ಯಾರೂ ಬರೆಯದಿದ್ದರೆ ಎಂಥ ಯಂತ್ರವೂ ಹುಡುಕಿಕೊಡಲಾರದು. ವಾಚಕರು ಈ ಭಾನುವಾರ ಒಂದು ಗಳಿಗೆ ಬಿಡುವು ಮಾಡಿಕೊಂಡು ತಮ್ಮ ಮನೆಯ ಹಿರಿಯರ ಬಳಿ ಕುಳಿತುಕೊಳ್ಳಲಿ. ಕೈಯಲ್ಲಿ ಒಂದು ವಹಿ ಇರಲಿ, ಹೇಳಿದವರ ಹೆಸರು ಮೊದಲ ಸಾಲಿನಲ್ಲಿಯೇ ಇರಲಿ.