ನದಿಯ ಮೈಲಿಗೆಗೆ ಒಂದು ಅಳತೆ: ಬಿಓಡಿ ನಡೆದುಬಂದ ದಾರಿ

ನದಿಯ ನೀರು ಕೆಟ್ಟಿದೆಯೆಂದು ತಿಳಿಯಲು ನಿಮಗೆ ಉಪಕರಣವೇನೂ ಬೇಕಿಲ್ಲ. ಕಣ್ಣು, ಮೂಗು ಸಾಕು. ಆದರೆ ಎಷ್ಟು ಕೆಟ್ಟಿದೆ, ಎಷ್ಟರ ಮಟ್ಟಿಗೆ ಸರಿಪಡಿಸಬೇಕು ಎಂಬ ಪ್ರಶ್ನೆ ಎದ್ದಾಗ ಮೂಗಿನ ಸಾಕ್ಷ್ಯ ಸಾಲದು. ಕಾರ್ಖಾನೆ, ನಗರಸಭೆ, ಸರ್ಕಾರ ಈ ಮೂವರೂ ಒಪ್ಪುವ ಅಳತೆಯೊಂದು ಬೇಕು. ಜೀವರಾಸಾಯನಿಕ ಆಮ್ಲಜನಕ ಬೇಡಿಕೆ, ಅಂದರೆ ಬಿಓಡಿ, ಅಂಥ ಅಳತೆ. ಅದು ಹೇಗೆ ರೂಪುಗೊಂಡಿತೆಂದು ನೋಡೋಣ.

ತತ್ತ್ವ ಸರಳ. ಕೊಳಚೆಯಲ್ಲಿರುವ ಜೈವಿಕ ಪದಾರ್ಥವನ್ನು ಬ್ಯಾಕ್ಟೀರಿಯಾಗಳು ತಿನ್ನುತ್ತವೆ; ತಿನ್ನುವಾಗ ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು ಬಳಸಿಕೊಳ್ಳುತ್ತವೆ. ನೀರಿನ ಮಾದರಿಯನ್ನು ಮುಚ್ಚಿದ ಸೀಸೆಯಲ್ಲಿ ಕತ್ತಲಲ್ಲಿ, ನಿಗದಿತ ಉಷ್ಣತೆಯಲ್ಲಿ, ನಿಗದಿತ ದಿನಗಳವರೆಗೆ ಇಟ್ಟು, ಎಷ್ಟು ಆಮ್ಲಜನಕ ಕಡಿಮೆಯಾಯಿತೆಂದು ಅಳೆದರೆ ಅದೇ ಬಿಓಡಿ. ಅಂಕಿ ಹೆಚ್ಚಿದಷ್ಟೂ ಕೊಳೆ ಹೆಚ್ಚು.

ಇಂಥ ಅಳತೆಯ ಅಗತ್ಯ ಮೊದಲು ತೀವ್ರವಾಗಿ ಕಾಣಿಸಿದ್ದು ಬ್ರಿಟನ್ನಿನಲ್ಲಿ. 1858ರ ಬೇಸಿಗೆಯಲ್ಲಿ ಥೇಮ್ಸ್ ನದಿಯ ದುರ್ನಾತಕ್ಕೆ ಲಂಡನ್ನಿನ ಸಂಸತ್ತೇ ತತ್ತರಿಸಿತು. 1868ರಲ್ಲಿ ನೇಮಕವಾದ ನದಿ ಮಾಲಿನ್ಯ ಆಯೋಗದಲ್ಲಿ ರಸಾಯನ ವಿಜ್ಞಾನಿ ಎಡ್ವರ್ಡ್ ಫ್ರಾಂಕ್ಲಂಡ್ ಇದ್ದರು. ನದಿಗೆ ಬಿಡುವ ನೀರಿಗೆ ಅಂಕಿಗಳಲ್ಲಿ ಮಿತಿ ಇರಬೇಕೆಂದು ಆ ಆಯೋಗ ಸೂಚಿಸಿತು. ಆದರೆ 1876ರ ನದಿ ಮಾಲಿನ್ಯ ತಡೆ ಕಾಯಿದೆ ಅಂಥ ಮಿತಿಗಳನ್ನು ಒಳಗೊಳ್ಳಲಿಲ್ಲ. ಹೀಗೆ ಕಾಯಿದೆಯೇನೋ ಬಂತು, ಅಳತೆ ಮಾತ್ರ ಬರಲಿಲ್ಲ.

ಈ ಕೊರತೆ ನೀಗಿಸಿದ್ದು 1898ರಲ್ಲಿ ನೇಮಕವಾದ ಕೊಳಚೆ ವಿಲೇವಾರಿಯ ರಾಯಲ್ ಆಯೋಗ. 1912ರ ಅದರ ಎಂಟನೆಯ ವರದಿ ನದಿಗಳನ್ನು ಬಿಓಡಿಯಿಂದ ವರ್ಗೀಕರಿಸಿತು. ಇಂದಿನ ಏಕಮಾನದಲ್ಲಿ ಹೇಳುವುದಾದರೆ, ಲೀಟರಿಗೆ 1 ಮಿಲಿಗ್ರಾಂ ಇದ್ದರೆ ಅತಿ ಶುದ್ಧ, 2 ಶುದ್ಧ, 3 ಸಾಕಷ್ಟು ಶುದ್ಧ, 5 ಸಂದೇಹಾಸ್ಪದ, 10 ಕೆಟ್ಟದ್ದು. 4ನ್ನು ಮೀರಿದರೆ ನದಿ ಜನರಿಗೆ ಉಪದ್ರವವಾಗಬಹುದೆಂದು ಆಯೋಗ ತೀರ್ಮಾನಿಸಿತು.

ಇದರಿಂದ ಕೊಳಚೆಗೆ ಮಿತಿ ಬಂದದ್ದು ಹೇಗೆ? ಲೆಕ್ಕ ನೀವೇ ಮಾಡಿ. ನದಿಯ ಬಿಓಡಿ 2 ಇದೆ. ಒಂದು ಪಾಲು ಕೊಳಚೆಗೆ ಎಂಟು ಪಾಲು ನದಿ ನೀರು ಸೇರುತ್ತದೆ. ಕೊಳಚೆಯ ಬಿಓಡಿ 20 ಆಗಿದ್ದರೆ ಮಿಶ್ರಣದ್ದು (8×2 + 1×20) ÷ 9 = 4. ಆದ್ದರಿಂದ ಮಿತಿ 20! ಇದರ ಜೊತೆಗೆ ತೇಲಾಡುವ ಘನಕಣಗಳಿಗೆ 30 ಎಂಬ ಮಿತಿಯೂ ಸೇರಿ ಲೋಕಪ್ರಸಿದ್ಧ '20:30 ಮಾನದಂಡ'ವಾಯಿತು.

ಪರೀಕ್ಷೆಯ ಅವಧಿ 5 ದಿನ, ಉಷ್ಣತೆ 65 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 18.3 ಡಿಗ್ರಿ ಸೆಲ್ಸಿಯಸ್. ಬ್ರಿಟನ್ನಿನ ನದಿ ನೀರು ಕಡಲು ಸೇರಲು 5 ದಿನಕ್ಕಿಂತ ಹೆಚ್ಚು ಹಿಡಿಯುವುದಿಲ್ಲ, ಬೇಸಿಗೆಯಲ್ಲಿ ಅಲ್ಲಿನ ನದಿಗಳ ಉಷ್ಣತೆ ಅಷ್ಟಿರುತ್ತದೆ ಎಂಬುದು ಇದಕ್ಕೆ ಕೊಡುವ ವಾಡಿಕೆಯ ವಿವರಣೆ. ಮುಂದೆ 20 ಡಿಗ್ರಿ, 5 ದಿನ ಎಂಬುದು ಜಗತ್ತಿನ ಬಹುಭಾಗದಲ್ಲಿ ರೂಢಿಗೆ ಬಂತು.

ಭಾರತದಲ್ಲಿ ನೀರು ರಾಜ್ಯಗಳಿಗೆ ಸೇರಿದ ವಿಷಯ. ಆದ್ದರಿಂದ 1974ರ ಜಲ ಮಾಲಿನ್ಯ ಕಾಯಿದೆಯನ್ನು ಸಂಸತ್ತು ರಚಿಸಿದ್ದು ಹಲವು ರಾಜ್ಯಗಳ ಶಾಸನಸಭೆಗಳು ನಿರ್ಣಯ ಅಂಗೀಕರಿಸಿದ ಮೇಲೆ. ಅವುಗಳಲ್ಲಿ ಕರ್ನಾಟಕವೂ ಒಂದು. ನದಿಗಳು ಗಡಿ ದಾಟುವುದರಿಂದ ರಾಜ್ಯ ಮಂಡಳಿಗಳೆಲ್ಲ ಒಂದೇ ಅಳತೆಗೋಲು ಹಿಡಿಯಬೇಕಾಯಿತು. ಕೇಂದ್ರ ಮಂಡಳಿ ನೀರನ್ನು ಬಳಕೆಗೆ ತಕ್ಕಂತೆ 'ಎ'ಯಿಂದ 'ಇ'ವರೆಗೆ ವಿಂಗಡಿಸಿತು. ಸ್ನಾನಕ್ಕೆ ಯೋಗ್ಯವಾದ 'ಬಿ' ವರ್ಗದಲ್ಲಿ ಬಿಓಡಿ 3 ಮೀರಬಾರದು. 1993ರ ಸಾಮಾನ್ಯ ಮಾನದಂಡಗಳು ಒಳನಾಡಿನ ಜಲಮೂಲಗಳಿಗೆ ಬಿಡುವ ತ್ಯಾಜ್ಯನೀರಿಗೆ 30ರ ಮಿತಿ ಹಾಕಿದವು. ನಮ್ಮ ಹವೆಗೆ ಹೊಂದುವಂತೆ 27 ಡಿಗ್ರಿ, 3 ದಿನದ ಪರೀಕ್ಷೆಯೂ 1990ರ ದಶಕದಲ್ಲಿ ಬಂತು. ಬೆಚ್ಚನೆಯ ನೀರಿನಲ್ಲಿ ಬ್ಯಾಕ್ಟೀರಿಯಾಗಳ ಕೆಲಸ ಚುರುಕಾಗುವುದರಿಂದ ಎರಡರ ಫಲಿತಾಂಶ ಸರಿಸುಮಾರು ಒಂದೇ. ಬಿಓಡಿ 3ನ್ನು ಮೀರಿದೆಯೇ ಎಂದು ನೋಡಿಯೇ 2018ರಲ್ಲಿ ದೇಶದ 351 ಮಲಿನ ನದಿಭಾಗಗಳನ್ನು ಗುರುತಿಸಲಾಯಿತು. ಅವುಗಳಲ್ಲಿ 17 ಕರ್ನಾಟಕದವು.

ಆದರೆ ಅಂಕಿಯನ್ನು ಎರವಲು ತಂದಾಗ ಅದರ ಹಿಂದಿನ ಷರತ್ತುಗಳನ್ನು ಮರೆಯಬಾರದು. 20 ಎಂಬ ಮಿತಿ ನಿಂತಿದ್ದುದು ಎಂಟು ಪಾಲು ಶುದ್ಧ ನೀರಿನ ಮೇಲೆ. ಬೇಸಿಗೆಯಲ್ಲಿ ನದಿ ಸೊರಗಿ ಎರಡೇ ಪಾಲು ಉಳಿದರೆ ಮಿಶ್ರಣದ ಬಿಓಡಿ 8 ಆಗುತ್ತದೆ. ಬೆಂಗಳೂರಿನಲ್ಲಿ ಹುಟ್ಟಿ, ಅರ್ಕಾವತಿಯ ಮೂಲಕ ಕಾವೇರಿಗೆ ಸೇರುವ ವೃಷಭಾವತಿಯಲ್ಲಿ ಒಣ ತಿಂಗಳುಗಳಲ್ಲಿ ಹರಿಯುವುದು ಬಹುಪಾಲು ನಗರ ಬಿಟ್ಟ ನೀರೇ. ಅಲ್ಲಿ ಆ ಎಂಟು ಪಾಲನ್ನು ಎಲ್ಲಿಂದ ತರುವುದು?

ಇನ್ನೊಂದು ಎಚ್ಚರಿಕೆ. ಭಾರಲೋಹಗಳಂಥ ವಿಷವಸ್ತುಗಳನ್ನು ಬಿಓಡಿ ಅಳೆಯುವುದಿಲ್ಲ. ಅವು ಸೀಸೆಯೊಳಗಿನ ಬ್ಯಾಕ್ಟೀರಿಯಾಗಳನ್ನೇ ಕೊಂದರೆ ಬಿಓಡಿ ಇಳಿದು, ವಿಷದ ನೀರೂ ಶುದ್ಧವೆಂಬಂತೆ ಕಾಣಬಹುದು. ಆದುದರಿಂದಲೇ ಬಿಓಡಿಯೊಡನೆ ಕರಗಿದ ಆಮ್ಲಜನಕ, ಪಿಹೆಚ್, ಕೋಲಿಫಾರ್ಮ್, ಲೋಹಗಳು ಇವೆಲ್ಲವನ್ನೂ ಪರೀಕ್ಷಿಸಬೇಕು.

ಶಿಕ್ಷಕರು ಮೇಲಿನ ಲೆಕ್ಕವನ್ನು ತರಗತಿಯಲ್ಲಿ ನಿಮ್ಮೂರಿನ ಹೊಳೆಗೆ ಅನ್ವಯಿಸಿ ಮಾಡಿಸಬಹುದು: ಮಳೆಗಾಲದಲ್ಲಿ ಎಷ್ಟು ಪಾಲು ನೀರು, ಏಪ್ರಿಲ್‌ನಲ್ಲಿ ಎಷ್ಟು? ಎಲ್ಲರೂ ಒಪ್ಪಿದ ಅಳತೆಯಿಲ್ಲದೆ ನಿಯಂತ್ರಣ ಸಾಧ್ಯವಿಲ್ಲ. ಆದರೆ ಒಪ್ಪಿಕೊಂಡ ಅಳತೆ ಯಾವ ನೆಲೆಯ ಮೇಲೆ ನಿಂತಿದೆಯೆಂದು ಆಗಾಗ ಕೇಳುತ್ತಿರುವುದೂ ವಿಜ್ಞಾನದ ಕೆಲಸವೇ.