ಚಿತ್ರಪಟಗಳ ಪಾಠಭೇದ

ಹಸ್ತಪ್ರತಿಗಳಲ್ಲಿ ಪಾಠಭೇದವೆಂಬದೊಂದು ಉಂಟೆಂಬ ಸಂಗತಿಯನ್ನು ನಮ್ಮ ಜಿಲ್ಲೆಯ ವಾಚಕರಿಗೆ ಹೊಸದಾಗಿ ತಿಳಿಸಬೇಕಾದದ್ದಿಲ್ಲ. ವಿಜಯಪುರದಲ್ಲಿ ವಕೀಲಿ ನಡೆಸುತ್ತಿದ್ದ ಫ. ಗು. ಹಳಕಟ್ಟಿಯವರು ಓಲೆಗರಿಯ ಕಟ್ಟುಗಳನ್ನು ಬಹು ಶ್ರಮದಿಂದ ಕೂಡಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಬೆಳಕಿಗೆ ತಂದರು, 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು. ಒಂದೇ ವಚನವು ಒಂದು ಕಟ್ಟಿನಲ್ಲಿ ಒಂದು ಬಗೆಯಾಗಿಯೂ ಇನ್ನೊಂದರಲ್ಲಿ ಬೇರೊಂದು ಬಗೆಯಾಗಿಯೂ ದೊರೆಯುವಾಗ, ಯಾವದು ಮೂಲ, ಯಾವದು ಲಿಪಿಕಾರನ ಕೈತಪ್ಪು, ಯಾವದು ಹಿಂದಿನಿಂದ ಸೇರಿದ ಪ್ರಕ್ಷಿಪ್ತ ಎಂದು ವಿಚಾರಿಸುವದೇ ಸಂಪಾದಕನ ಧರ್ಮ. ಈ ವಿಚಾರವು ಗ್ರಂಥಗಳಿಗೆ ಮಾತ್ರ ಸಲ್ಲತಕ್ಕದ್ದೆಂಬ ಭಾವನೆ ನಮ್ಮಲ್ಲಿ ರೂಢವಾಗಿದೆ. ಕನ್ನಡ ವಾಕ್ಚಿತ್ರಕ್ಕೆ ಈಗ ತೊಂಬತ್ತು ವರ್ಷಗಳು ಕಳೆದಿವೆ. ಅದಕ್ಕೂ ಮಾತೃಕೆಗಳುಂಟು, ನಕಲುಗಳುಂಟು, ಪ್ರಕ್ಷಿಪ್ತಗಳೂ ಉಂಟು. ಹಳೆಯ ಚಿತ್ರವು ‘ಹೊಸ ರೂಪದಲ್ಲಿ’ ಮನೆಗೆ ಬಂದಾಗ ನಾವು ನೋಡುತ್ತಿರುವದು ಯಾವ ಪಾಠವೆಂದು ಕೇಳುವವರೇ ಇಲ್ಲ. ಆ ಪ್ರಶ್ನೆಯನ್ನು ಕೇಳುವದೇ ಈ ಲೇಖನದ ಉದ್ದೇಶ.

ಚಿತ್ರಪಟದ ಮಾತೃಕೆಯೆಂದರೆ ಕ್ಯಾಮರಾದೊಳಗೆ ಓಡಿದ ಮೂಲ ನೆಗೆಟಿವ್. ಅದರಿಂದ ಪಾಸಿಟಿವ್, ಅದರಿಂದ ಮತ್ತೊಂದು ನೆಗೆಟಿವ್, ಅದರಿಂದ ಚಿತ್ರಮಂದಿರಕ್ಕೆ ಹೋಗುವ ಪ್ರಿಂಟುಗಳು. ಪ್ರತಿಯೊಂದು ಮೆಟ್ಟಿಲಿನಲ್ಲಿಯೂ ಸ್ವಲ್ಪ ಸ್ವಲ್ಪವಾಗಿ ಸೂಕ್ಷ್ಮ ರೇಖೆಗಳು ಅಳಿಯುತ್ತವೆ, ನೆರಳು ಬೆಳಕುಗಳ ನಡುವಣ ನಯವು ಕೆಡುತ್ತದೆ. ಪ್ರಿಂಟು ಮೊದಲು ದೊಡ್ಡ ಪಟ್ಟಣಗಳಲ್ಲಿ ಓಡಿ, ತರುವಾಯ ಜಿಲ್ಲೆಯ ಊರುಗಳಿಗೆ ಬಂದು, ಕಟ್ಟಕಡೆಗೆ ಜಾತ್ರೆಯ ಟೆಂಟುಗಳಿಗೆ ಇಳಿಯುತ್ತಿತ್ತು. ನಮ್ಮ ಕನಮಡಿಯ ಕಡೆಯ ಹಳ್ಳಿಗಳ ಜನರು ನೋಡಿದ್ದು ಈ ಕಡೆಯ ಅವಸ್ಥೆಯ ಪ್ರಿಂಟನ್ನು. ರೀಲು ಹರಿದಲ್ಲಿ ಯಂತ್ರ ನಡೆಸುವವನು ಕೆಟ್ಟ ತುಣುಕನ್ನು ಕತ್ತರಿಸಿ ಎರಡು ತುದಿಗಳನ್ನು ಅಂಟಿಸಿಬಿಡುವನು. ಪದ್ಯದ ನಡುವೆ ಒಂದು ಚರಣವು ಹಾರಿಹೋಗುವದು, ಸಂಭಾಷಣೆಯು ಅರ್ಧಕ್ಕೆ ನಿಲ್ಲುವದು. ಓಲೆಗರಿಯ ತುದಿಯನ್ನು ಗೆದ್ದಲು ತಿಂದಂತೆಯೇ ಇದು. ಹೀಗೆ ಸವೆದ ಪ್ರಿಂಟೇ ಮುಂದೆ ಎಷ್ಟೋ ಚಿತ್ರಗಳಿಗೆ ಏಕಮಾತ್ರ ಪ್ರತಿಯಾಗಿ ಉಳಿದದ್ದುಂಟು. ಮನೆಯಲ್ಲಿ ನೋಡುವ ಕ್ಯಾಸೆಟ್ಟು, ಸಿ.ಡಿ.ಗಳಿಗೆ ಇಂಥ ಪ್ರಿಂಟುಗಳೇ ಆಧಾರವಾದವು.

ಅದೂ ಉಳಿಯದ ಚಿತ್ರಗಳ ಗತಿ ಏನು? ಕನ್ನಡದಲ್ಲಿ ಮೊದಲು ತೆರೆಕಂಡ ವಾಕ್ಚಿತ್ರವಾದ ‘ಸತಿ ಸುಲೋಚನಾ’ 1934ನೆಯ ಇಸವಿಯ ಮಾರ್ಚ್ 3ರಂದು ಬೆಂಗಳೂರಿನಲ್ಲಿ ಬಿಡುಗಡೆಯಾಯಿತು. ವೈ. ವಿ. ರಾವ್ ನಿರ್ದೇಶಕರು, ಬೆಳ್ಳಾವೆ ನರಹರಿ ಶಾಸ್ತ್ರಿಗಳ ಸಾಹಿತ್ಯ, ಸುಬ್ಬಯ್ಯ ನಾಯ್ಡು ಇಂದ್ರಜಿತು, ತ್ರಿಪುರಾಂಬ ಸುಲೋಚನೆ, ಆರ್. ನಾಗೇಂದ್ರರಾವ್ ರಾವಣ. ಚಿತ್ರೀಕರಣವು ನಡೆದದ್ದು ಮೈಸೂರು ಸೀಮೆಯಲ್ಲಲ್ಲ, ನಮಗೆ ಹತ್ತಿರದ ಕೊಲ್ಹಾಪುರದ ಛತ್ರಪತಿ ಸ್ಟುಡಿಯೋದಲ್ಲಿ. ಇಷ್ಟೆಲ್ಲ ವಿವರವನ್ನು ಹೇಳಬಲ್ಲೆವಾದರೂ ಚಿತ್ರವನ್ನು ಮಾತ್ರ ನೋಡಲಾರೆವು. ಅದರ ಪ್ರತಿಯೊಂದೂ ಉಳಿದಿಲ್ಲ. ಆ ಕಾಲದ ಫಿಲ್ಮು ನೈಟ್ರೇಟಿನದು, ಕಿಡಿ ತಗಲಿದರೆ ನಂದಿಸಲಾಗದು. ಅದರಲ್ಲಿದ್ದ ಬೆಳ್ಳಿಯ ಆಸೆಗೆ ಹಳೆಯ ರೀಲುಗಳನ್ನು ತೊಳೆದು ಮಾರಿದವರೂ ನಮ್ಮ ದೇಶದಲ್ಲಿ ಕಡಿಮೆಯಿಲ್ಲ. 1964ರಲ್ಲಿ ಪುಣೆಯಲ್ಲಿ ರಾಷ್ಟ್ರೀಯ ಚಲಚ್ಚಿತ್ರ ಸಂಗ್ರಹಾಲಯವು ಸ್ಥಾಪಿತವಾಗಿ, ಪಿ. ಕೆ. ನಾಯರ್ ಅವರಂಥವರು ಹಟದಿಂದ ರೀಲುಗಳನ್ನು ಅರಸಿ ತರುವಷ್ಟರಲ್ಲಿ ಮೊದಲ ಮೂವತ್ತು ವರ್ಷಗಳ ಬಹುಭಾಗವು ಕೈಬಿಟ್ಟು ಹೋಗಿತ್ತು. ಕೂಡಿಸಿಟ್ಟದ್ದರಲ್ಲಿಯೂ ನೈಟ್ರೇಟ್ ರೀಲುಗಳ ದೊಡ್ಡದೊಂದು ಪಾಲು 2003ರ ಜನವರಿಯಲ್ಲಿ ಪುಣೆಯ ಬೆಂಕಿಗೆ ಆಹುತಿಯಾಯಿತು.

ಒಂದೇ ಕಥೆಗೆ ಹಲವು ಪಾಠಗಳಿರುವ ಸಂಗತಿಯೂ ಚಿತ್ರರಂಗದಲ್ಲಿ ಹಳೆಯದೇ. ಎಚ್. ಎಲ್. ಎನ್. ಸಿಂಹರ ‘ಬೇಡರ ಕಣ್ಣಪ್ಪ’ 1954ರಲ್ಲಿ ಕನ್ನಡದಲ್ಲಿ ಬಂದು, ಅದೇ ವರ್ಷ ತೆಲುಗಿನಲ್ಲಿ ‘ಕಾಳಹಸ್ತಿ ಮಹಾತ್ಮ್ಯಂ’ ಆಯಿತು, ಮರುವರ್ಷ ಹಿಂದಿಯಲ್ಲಿ ‘ಶಿವಭಕ್ತ’ ಆಯಿತು. ಇವು ಬಹಿರಂಗವಾದ ರೂಪಾಂತರಗಳು. ಹೆಸರೇ ಬೇರೆಯಾದ್ದರಿಂದ ಯಾರೂ ಮೋಸಹೋಗುವದಿಲ್ಲ. ಅದೇ ಹೆಸರಿನಿಂದ ಬಂದು ಒಳಗೆ ಬೇರೆಯಾಗಿರುವ ಪಾಠವೇ ಅಪಾಯಕರವಾದದ್ದು.

ಅದು ಹೇಗೆಂಬದನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಹಳೆಯ ಚಿತ್ರಗಳ ಚೌಕಟ್ಟು ಎತ್ತರ ಒಂದಾದರೆ ಅಗಲ 1.37 ಇರುವಂಥದು. ಮೊದಲಿನ ಟೀವಿ ಪೆಟ್ಟಿಗೆಯ ಅಗಲವು 1.33 ಆಗಿದ್ದದರಿಂದ ಅವು ಅದರಲ್ಲಿ ಬಹುಮಟ್ಟಿಗೆ ಸರಿಯಾಗಿ ಕೂಡುತ್ತಿದ್ದವು. ಇಂದಿನ ಟೀವಿಯ ಅಗಲ 1.78. ಹಳೆಯ ಚಿತ್ರವನ್ನು ಅದರಲ್ಲಿ ತುಂಬಬೇಕೆಂದರೆ ಎರಡೇ ದಾರಿ: ಒಂದು, ಮುಖಗಳನ್ನು ಅಡ್ಡಲಾಗಿ ಹಿಗ್ಗಿಸುವದು, ಇನ್ನೊಂದು, ಮೇಲೆ ಕೆಳಗೆ ಕತ್ತರಿಸುವದು. ಕತ್ತರಿಸಿದರೆ ಚಿತ್ರದ ಎತ್ತರದಲ್ಲಿ ಸುಮಾರು ನೂರಕ್ಕೆ 23 ಪಾಲು ಹೋಗುತ್ತದೆ. ಕಿರೀಟವು ಹೋಗುತ್ತದೆ, ಪಾದವೂ ಹೋಗುತ್ತದೆ. ಪಾದಕ್ಕೆರಗುವ ಭಕ್ತನು ಏತಕ್ಕೆ ಬಾಗಿದನೆಂದು ತಿಳಿಯದಂತಾಗುತ್ತದೆ. ಸಿನಿಮಾಸ್ಕೋಪಿಗೆ ಇದರ ವಿಪರೀತ. ಕನ್ನಡದ ಮೊದಲ ಸಿನಿಮಾಸ್ಕೋಪ್ ಚಿತ್ರ 1977ರ ‘ಸೊಸೆ ತಂದ ಸೌಭಾಗ್ಯ’. ಅಂಥ ಅಗಲವಾದ ಚಿತ್ರವನ್ನು ಹಳೆಯ ಟೀವಿಗೆ ತುಂಬಿದಾಗ ಎಡಬಲಗಳಲ್ಲಿ ನೂರಕ್ಕೆ 40 ಪಾಲಿಗಿಂತ ಹೆಚ್ಚು ಕಳೆದುಹೋಗುತ್ತಿತ್ತು. ಇಬ್ಬರು ಮಾತಾಡುವಾಗ ಒಬ್ಬರ ಮೂಗು ಮಾತ್ರ ಕಾಣುವ ವಿಚಿತ್ರವನ್ನು ಎಷ್ಟು ಮನೆಗಳವರು ನೋಡಿಲ್ಲ!

ಬಿಂದುಗಳ ಲೆಕ್ಕವನ್ನೂ ನೋಡಿರಿ. ನಮ್ಮ ಸಂತೆಗಳಲ್ಲಿ ಕೂಡ ದೊರೆಯುತ್ತಿದ್ದ ವಿ.ಸಿ.ಡಿ.ಯಲ್ಲಿ ಒಂದು ಚೌಕಟ್ಟಿಗೆ 352 ಗುಣಿಸು 288, ಅಂದರೆ ಸುಮಾರು ಒಂದು ಲಕ್ಷ ಬಿಂದುಗಳು. ಡಿ.ವಿ.ಡಿ.ಯಲ್ಲಿ ಸುಮಾರು ನಾಲ್ಕು ಲಕ್ಷ. 35 ಮಿಲಿಮೀಟರಿನ ನೆಗೆಟಿವನ್ನು ಇಂದು ‘4ಕೆ’ ಎಂಬ ಕ್ರಮದಲ್ಲಿ ಪೂರ್ತಿಯಾಗಿ ಗ್ರಹಿಸಿದರೆ ಒಂದು ಕೋಟಿಗೂ ಮಿಕ್ಕುತ್ತದೆ. ಆದರೆ ಬಿಂದು ಹೆಚ್ಚಾದ ಮಾತ್ರಕ್ಕೆ ಪಾಠವು ಶುದ್ಧವಾಗುವದಿಲ್ಲ. ಸವೆದ ಪ್ರಿಂಟನ್ನು ಕೋಟಿ ಬಿಂದುಗಳಲ್ಲಿ ಹಿಡಿದರೆ ಸವೆತವೇ ಕೋಟಿ ಬಿಂದುಗಳಲ್ಲಿ ಕಾಣುವದು. ಆ ಸವೆತವನ್ನು ಅಳಿಸಲು ಯಂತ್ರದಿಂದ ಅತಿಯಾಗಿ ಉಜ್ಜಿದರೆ ಫಿಲ್ಮಿನ ಸಹಜವಾದ ಕಣಗಳೂ ಹೋಗಿ ನಟರ ಮುಖಗಳು ಮೇಣದ ಗೊಂಬೆಗಳಂತಾಗುತ್ತವೆ. ಹೊಳಪನ್ನು ಸ್ಪಷ್ಟತೆಯೆಂದು ಭಾವಿಸುವವರು ಇದನ್ನೇ ಮೆಚ್ಚುತ್ತಾರೆ. ನನಗಂತೂ ಇದು ಸವೆತಕ್ಕಿಂತಲೂ ಹೆಚ್ಚಿನ ದೋಷವಾಗಿ ತೋರುತ್ತದೆ.

ಕಿವಿಯುಳ್ಳವರು ಗಮನಿಸಬೇಕಾದದ್ದು ಇನ್ನೊಂದುಂಟು. ಫಿಲ್ಮು ಸೆಕೆಂಡಿಗೆ 24 ಚೌಕಟ್ಟುಗಳಂತೆ ಓಡುವದು. ನಮ್ಮ ದೇಶದ ಟೀವಿಯ ಪಾಲ್ ಎಂಬ ಕ್ರಮದಲ್ಲಿ 25. ಈ ಎರಡನ್ನು ಹೊಂದಿಸಲು ಚಿತ್ರವನ್ನು ಸ್ವಲ್ಪ ವೇಗವಾಗಿ ಓಡಿಸುವ ಸುಲಭೋಪಾಯವೊಂದು ಉಂಟು. ಹಾಗೆ ಮಾಡಿದರೆ 150 ನಿಮಿಷಗಳ ಚಿತ್ರವು 144 ನಿಮಿಷಗಳಲ್ಲಿ ಮುಗಿಯುತ್ತದೆ. ಆರು ನಿಮಿಷ ಕತ್ತರಿಸಿದರೆಂದು ನೋಡುವವರು ದೂರುತ್ತಾರೆ, ನಿಜವಾಗಿ ಒಂದು ಚೌಕಟ್ಟೂ ಹೋಗಿರುವದಿಲ್ಲ. ಹೋದದ್ದು ಶ್ರುತಿ. ಧ್ವನಿಯನ್ನು ಪ್ರತ್ಯೇಕವಾಗಿ ಸರಿಪಡಿಸದಿದ್ದರೆ ಆಧಾರ ಷಡ್ಜವೇ ಮುಕ್ಕಾಲು ಸ್ವರಾಂತರದ ಸಮೀಪಕ್ಕೆ ಏರಿಬಿಡುವದು. 1966ರ ‘ಸಂಧ್ಯಾರಾಗ’ದಲ್ಲಿ ಭೀಮಸೇನ ಜೋಶಿಯವರು ಹಾಡಿದ್ದಾರೆ, 1977ರ ‘ಸನಾದಿ ಅಪ್ಪಣ್ಣ’ದಲ್ಲಿ ಬಿಸ್ಮಿಲ್ಲಾ ಖಾನರ ಶಹನಾಯಿ ಇದೆ. ಇಂಥ ಚಿತ್ರಗಳಿಗೆ ಈ ಉಪಾಯವನ್ನು ಹೂಡುವದು, ಗವಾಯಿಯು ತಾನು ಹಿಡಿದ ಕರಿಪಟ್ಟಿಯನ್ನು ಬಿಟ್ಟು ಬೇರೆ ಪಟ್ಟಿಯಲ್ಲಿ ಹಾಡಿದನೆಂದು ಸುಳ್ಳು ಸಾಕ್ಷಿ ಹೇಳಿದಂತೆ. ಧಾರವಾಡ, ಗದಗುಗಳ ಸಂಗೀತವನ್ನು ಕೇಳಿ ಬೆಳೆದ ಈ ಪ್ರಾಂತದವರಿಗೆ ಇದನ್ನು ಹೆಚ್ಚಿಗೆ ವಿವರಿಸಬೇಕಾಗಿಲ್ಲ.

ಇನ್ನು ಬಣ್ಣದ ವಿಚಾರ. ಹುಣಸೂರು ಕೃಷ್ಣಮೂರ್ತಿಯವರ ‘ಸತ್ಯ ಹರಿಶ್ಚಂದ್ರ’ 1965ರ ಕಪ್ಪುಬಿಳುಪು ಚಿತ್ರ. 2008ರಲ್ಲಿ ಅದಕ್ಕೆ ಬಣ್ಣ ತುಂಬಿ ಬಿಡುಗಡೆ ಮಾಡಿದರು. ದೊರೈ–ಭಗವಾನರ 1971ರ ‘ಕಸ್ತೂರಿ ನಿವಾಸ’ವು 2014ರಲ್ಲಿ ಅದೇ ಸಂಸ್ಕಾರವನ್ನು ಪಡೆಯಿತು. ಎರಡಕ್ಕೂ ಮೇಲ್ಪಂಕ್ತಿಯಾದದ್ದು 1960ರ ಹಿಂದಿ ‘ಮುಘಲ್-ಎ-ಆಜಂ’, 2004ರಲ್ಲಿ ಬಣ್ಣ ಪಡೆದದ್ದು. ಆದರೆ ಅದರ ಮಾತು ಬೇರೆ. ಅದರ ಕೆಲವು ಭಾಗಗಳು ಮೂಲದಲ್ಲಿಯೇ ಬಣ್ಣದಲ್ಲಿದ್ದವು. ಬಣ್ಣ ಬಂದುದರಿಂದ ತರುಣರು ಚಿತ್ರಮಂದಿರಕ್ಕೆ ಹೋದರು, ರಾಜಕುಮಾರರ ಅಭಿನಯವನ್ನು ದೊಡ್ಡ ತೆರೆಯಲ್ಲಿ ಕಂಡರು. ಈ ಉಪಕಾರವನ್ನು ಅಲ್ಲಗಳೆಯುವದು ಸಲ್ಲದು. ಆದರೆ ಕಪ್ಪುಬಿಳುಪು ಒಂದು ಕೊರತೆ, ಬಣ್ಣವು ಅದರ ಪರಿಹಾರ ಎಂಬ ವಾದವನ್ನು ನಾನು ಒಪ್ಪಲಾರೆ. ‘ಅಮರಶಿಲ್ಪಿ ಜಕಣಾಚಾರಿ’ 1964ರಲ್ಲಿಯೇ ಪೂರ್ಣ ಬಣ್ಣದಲ್ಲಿ ಬಂದಿತ್ತು. ಬಣ್ಣದ ಫಿಲ್ಮು ದುಬಾರಿಯಾದ್ದರಿಂದ ಅನೇಕರು ಕಪ್ಪುಬಿಳುಪಿನಲ್ಲಿ ತೆಗೆದರೆಂಬದು ನಿಜ. ಆದರೆ ಹಾಗೆ ತೆಗೆದ ಮೇಲೆ ಛಾಯಾಗ್ರಾಹಕನು ದೀಪವಿಟ್ಟದ್ದು, ಸೀರೆಯ ಅಂಚನ್ನು ಆರಿಸಿದ್ದು, ಗೋಡೆಗೆ ಸುಣ್ಣ ಹೊಡೆಸಿದ್ದು ಎಲ್ಲವೂ ಕಪ್ಪುಬಿಳುಪನ್ನು ಗಣಿಸಿಯೇ. ಹರಿಶ್ಚಂದ್ರನು ಶ್ಮಶಾನವನ್ನು ಕಾಯುವ ರಾತ್ರಿಗೆ ನೀಲಿಯನ್ನು ಬಳಿದವನು ತನ್ನ ಊಹೆಯನ್ನು ಬಳಿದನು. ಟೀಕೆಯನ್ನು ಮೂಲಶ್ಲೋಕದೊಳಗೆ ಸೇರಿಸಿ ಬರೆದಂತಾಯಿತು. ಟೀಕೆ ಇರಲಿ, ಅಂಚಿನಲ್ಲಿರಲಿ. ಬಣ್ಣದ ಪ್ರತಿಯ ಜೊತೆಗೆ ಶೋಧಿಸಿದ ಕಪ್ಪುಬಿಳುಪಿನ ಪ್ರತಿಯನ್ನೂ ಜನರ ಕೈಗೆ ಕೊಡಲಿ.

ಹಾಗೆ ಶೋಧಿಸುವದು ಅಸಾಧ್ಯವೆನ್ನುವವರಿಗೆ ‘ಘಟಶ್ರಾದ್ಧ’ದ ನಿದರ್ಶನವನ್ನು ತೋರಿಸಬೇಕು. ಯು. ಆರ್. ಅನಂತಮೂರ್ತಿಯವರ ಕಥೆಯನ್ನು ಗಿರೀಶ ಕಾಸರವಳ್ಳಿಯವರು 1977ರಲ್ಲಿ ಚಿತ್ರವಾಗಿಸಿದರು; ಎಸ್. ರಾಮಚಂದ್ರರ ಛಾಯಾಗ್ರಹಣ, ಬಿ. ವಿ. ಕಾರಂತರ ಸಂಗೀತ, ರಾಷ್ಟ್ರದ ಸ್ವರ್ಣಕಮಲವು ಅದಕ್ಕೆ ದೊರೆಯಿತು. ಮಲೆನಾಡಿನ ಒಂದು ವೇದಪಾಠಶಾಲೆ, ಅಲ್ಲಿಗೆ ಹೊಸದಾಗಿ ಬಂದ ಬಾಲಕ ನಾಣಿ, ಉಪಾಧ್ಯಾಯರ ವಿಧವೆ ಮಗಳು ಯಮುನೆ. ಪಾಠಶಾಲೆಯಲ್ಲಿ ಓದಿದ ನನ್ನಂಥವರಿಗೆ ಆ ಹಿತ್ತಲು, ಆ ಕತ್ತಲೆಯ ನಡುಮನೆ ಅಪರಿಚಿತವಲ್ಲ. ಎಣ್ಣೆಯ ದೀಪದ ಸುತ್ತ ಕತ್ತಲೆಗೆ ಎಷ್ಟೊಂದು ಪದರುಗಳಿರುತ್ತವೆಂಬದು ಅಲ್ಲಿ ಮಲಗಿದ ಹುಡುಗನಿಗೇ ಗೊತ್ತು. ಹಿಂದೆ ಮನೆಯ ಟೀವಿಯಲ್ಲಿ ನಕಲಿನ ನಕಲನ್ನು ನೋಡಿದಾಗ ಆ ಪದರುಗಳೆಲ್ಲ ಒಂದೇ ಮಸಿಯಾಗಿದ್ದವು. ನಾಣಿಯ ಅಂಜಿಕೆಗೆ ಕಾರಣವಾದ ಕತ್ತಲೆಯೇ ಅಲ್ಲಿರಲಿಲ್ಲ. ಮುಂಬಯಿಯ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಹಾಗೂ ಮಾರ್ಟಿನ್ ಸ್ಕಾರ್ಸೇಸಿಯವರು ಕಟ್ಟಿದ ಫಿಲ್ಮ್ ಫೌಂಡೇಶನ್ನಿನ ವರ್ಲ್ಡ್ ಸಿನಿಮಾ ಪ್ರಾಜೆಕ್ಟ್ ಇವುಗಳ ಸಹಕಾರದಿಂದ ಇಟಲಿಯ ಬೊಲೊನ್ಯಾದ ಕಾರ್ಯಾಗಾರದಲ್ಲಿ ಚಿತ್ರವು ಶೋಧನೆಗೊಂಡು, 2024ರಲ್ಲಿ ವೆನಿಸ್ ಚಿತ್ರೋತ್ಸವದ ಅಭಿಜಾತ ಚಿತ್ರಗಳ ವಿಭಾಗದಲ್ಲಿ ಪ್ರದರ್ಶಿತವಾಯಿತು. ಬಣ್ಣವನ್ನು ತುಂಬಲಿಲ್ಲ, ಕಪ್ಪುಬಿಳುಪು ಕಪ್ಪುಬಿಳುಪಾಗಿಯೇ ಉಳಿಯಿತು. ಸಂಪಾದನೆಯೆಂದರೆ ಇದು.

ನಮ್ಮ ಪಂಡಿತರಿಗೆ ಈ ವಿಧಾನವು ಪರಕೀಯವಲ್ಲ. ಪುಣೆಯ ಭಾಂಡಾರಕರ ಸಂಸ್ಥೆಯು 1919ರಿಂದ 1966ರ ವರೆಗೆ ದುಡಿದು ಮಹಾಭಾರತದ ಶೋಧಿತ ಪಾಠವನ್ನು ಸಿದ್ಧಪಡಿಸಿತು. 1,259 ಹಸ್ತಪ್ರತಿಗಳನ್ನು ಪರಿಶೀಲಿಸಿದರು. ಅದರ ಹೆಚ್ಚುಗಾರಿಕೆಯೆಂದರೆ, ತಿರಸ್ಕರಿಸಿದ ಪಾಠಗಳನ್ನು ಎಸೆಯದೆ ಅದೇ ಪುಟದ ಅಡಿಯಲ್ಲಿ ಅಚ್ಚುಮಾಡಿದರು. ಸಂಪಾದಕನು ತಪ್ಪಿದ್ದರೆ ವಾಚಕನೇ ತಿದ್ದಿಕೊಳ್ಳಬಹುದು. ಚಿತ್ರವನ್ನು ಮರಳಿ ಹೊರತರುವವರೂ ಹೊದಿಕೆಯ ಮೇಲೆ ನಾಲ್ಕು ಸಾಲು ಬರೆಯಬಾರದೇಕೆ? ಮೂಲ ನೆಗೆಟಿವಿನಿಂದ ತೆಗೆದದ್ದೋ, ಪ್ರಿಂಟಿನಿಂದಲೋ. ಚೌಕಟ್ಟು ಪೂರ್ತಿಯೋ, ಕತ್ತರಿಸಿದ್ದೋ. ಮೊದಲ ಬಿಡುಗಡೆಯಲ್ಲಿ ಎಷ್ಟು ನಿಮಿಷ, ಈಗ ಎಷ್ಟು. ಧ್ವನಿ ಹಳೆಯದೋ, ಹೊಸದಾಗಿ ನುಡಿಸಿ ಸೇರಿಸಿದ್ದೋ. ಔಷಧದ ಸೀಸೆಯ ಮೇಲೆ ಇರುವಷ್ಟು ವಿವರವಾದರೂ ಇದ್ದರೆ ಸಾಕು.

ಕಳೆದದ್ದು ದೊರೆಯುವದೂ ಉಂಟು. ಜರ್ಮನಿಯ ಫ್ರಿಟ್ಸ್ ಲಾಂಗನ ‘ಮೆಟ್ರೋಪೊಲಿಸ್’ ಎಂಬ ಮೂಕಪಟವನ್ನು 1927ರ ಮೊದಲ ಪ್ರದರ್ಶನದ ತರುವಾಯ ಬಹಳವಾಗಿ ಕತ್ತರಿಸಿದರು. ಕಳೆದ ಭಾಗವು ಎಂಬತ್ತು ವರ್ಷಗಳ ಮೇಲೆ, 2008ರಲ್ಲಿ, ಸಮುದ್ರದಾಚೆಯ ಬ್ಯೂನೋಸ್ ಐರಿಸಿನಲ್ಲಿ ಸವೆದ 16 ಮಿಲಿಮೀಟರಿನ ಪ್ರತಿಯಲ್ಲಿ ಕಾಣಿಸಿತು. 2010ರ ಶೋಧಿತ ಪ್ರತಿಯಲ್ಲಿ ಆ ಭಾಗಗಳು ಗೀಚುಗಳೊಂದಿಗೇ ಇವೆ. ನೋಡುವವನಿಗೆ ಯಾವದು ಎಲ್ಲಿಂದ ಬಂದಿತೆಂದು ಕಣ್ಣಿಗೇ ತಿಳಿಯುತ್ತದೆ. ಕೊಲ್ಹಾಪುರ, ಮಿರಜ, ಸೊಲ್ಲಾಪುರ, ವಿಜಯಪುರಗಳ ನಡುವೆ ಟೆಂಟು ಸಿನಿಮಾ ನಡೆಸಿದವರ ಮನೆತನಗಳು ಇನ್ನೂ ಇವೆ. ಅಟ್ಟದ ಮೇಲೆ ದುಂಡಗಿನ ತಗಡಿನ ಡಬ್ಬಿಗಳು ಸಿಕ್ಕರೆ ಗುಜರಿಯವನಿಗೆ ಕೊಡದಿರಿ. ಮುಚ್ಚಳ ತೆರೆದಾಗ ಹುಳಿಯಾದ ಸಿರ್ಕಾದ ವಾಸನೆ ಬಂದರೆ ಅಸಿಟೇಟ್ ಫಿಲ್ಮು ಕೆಡಲಾರಂಭಿಸಿದೆಯೆಂದು ತಿಳಿದು, ತಂಪಾದ, ಒಣಗಿದ ಜಾಗದಲ್ಲಿ ಬೇರೆ ಡಬ್ಬಿಗಳಿಂದ ದೂರವಿಡಿರಿ. 1950ಕ್ಕೆ ಹಿಂದಿನದೆಂಬ ಅನುಮಾನವಿದ್ದರೆ ಹತ್ತಿರ ದೀಪವನ್ನೂ ಬೀಡಿಯನ್ನೂ ತರಬೇಡಿರಿ; ಡಬ್ಬಿಯ ಮೇಲಿನ ಬರಹವನ್ನು ಇದ್ದಂತೆಯೇ ನಕಲುಮಾಡಿಕೊಂಡು ಪುಣೆಯ ಸಂಗ್ರಹಾಲಯಕ್ಕೆ ಒಂದು ಕಾಗದ ಬರೆಯಿರಿ.