ಪಡಿತರದ ಸಾಲಿನಲ್ಲಿ ನಿಂತ ಬಸುರಿಯರು

ಎಕ್ಸ್-ರೇ ಕೋಣೆಯ ಬಾಗಿಲಲ್ಲಿ ‘ಗರ್ಭಿಣಿಯರು ಮೊದಲೇ ತಿಳಿಸಿ’ ಅನ್ನೋ ಬೋರ್ಡ್ ನೋಡಿದ್ದೀರಲ್ಲ? ಆ ಎಚ್ಚರಿಕೆಗೆ ಬಲ ಕೊಟ್ಟವರಲ್ಲಿ ಹಿರೋಶಿಮಾ, ನಾಗಸಾಕಿಯ ತಾಯಂದಿರೂ ಇದ್ದಾರೆ. ಅವರನ್ನ ಯಾರು ನೆನೆಯುತ್ತಾರೆ ಹೇಳಿ?

1945ರ ಆಗಸ್ಟ್‌ನಲ್ಲಿ ಬಾಂಬ್ ಬಿತ್ತು. 1946ರ ನವೆಂಬರ್‌ನಲ್ಲಿ ಅಮೆರಿಕ ಅಧ್ಯಕ್ಷ ಟ್ರೂಮನ್, ಬದುಕುಳಿದವರ ದೀರ್ಘಕಾಲದ ಅಧ್ಯಯನಕ್ಕೆ ಒಪ್ಪಿಗೆ ಕೊಟ್ಟರು. ಹಾಗೆ ಹುಟ್ಟಿದ್ದು ಎಬಿಸಿಸಿ, ಅಂದರೆ ಅಣುಬಾಂಬ್ ಸಂತ್ರಸ್ತರ ಆಯೋಗ. ದುಡ್ಡು ಯಾರದ್ದು? ಅಮೆರಿಕದ ಅಣುಶಕ್ತಿ ಆಯೋಗದ್ದು. ಅಣ್ವಸ್ತ್ರ ತಯಾರಿಕೆಯ ಉಸ್ತುವಾರಿಯೂ ಅದರದ್ದೇ!

ಸೋತ ಜಪಾನ್‌ನಲ್ಲಿ ಆಗ ಊಟಕ್ಕೇ ತತ್ವಾರ. ಐದು ತಿಂಗಳು ತುಂಬಿದ ಬಸುರಿ ಹೆಸರು ಬರೆಸಿದರೆ ಹೆಚ್ಚುವರಿ ಪಡಿತರ ಸಿಗ್ತಿತ್ತು. 1948ರಲ್ಲಿ ವಿಜ್ಞಾನಿಗಳು ಹಿಡಿದಿದ್ದು ಅದೇ ಸಾಲನ್ನ. ಪಡಿತರಕ್ಕೆ ಬಂದವಳಿಗೆ ಪ್ರಶ್ನೆಗಳು: ಬಾಂಬ್ ಬಿದ್ದಾಗ ನೀನೆಲ್ಲಿದ್ದೆ? ಗಂಡ ಎಲ್ಲಿದ್ದ? ಹೆರಿಗೆಯಾದರೆ ಸೂಲಗಿತ್ತಿ ಸುದ್ದಿ ಮುಟ್ಟಿಸ್ತಿದ್ದಳು, ವೈದ್ಯರು ಬಂದು ಕೂಸನ್ನ ಪರೀಕ್ಷಿಸ್ತಿದ್ದರು. 1954ರ ಹೊತ್ತಿಗೆ 70 ಸಾವಿರಕ್ಕೂ ಹೆಚ್ಚು ಹೆರಿಗೆಗಳ ಲೆಕ್ಕ ಸಿಕ್ಕಿತು.

ಮತ್ತೆ ಚಿಕಿತ್ಸೆ? ಅದು ನಮ್ಮ ಕೆಲಸವಲ್ಲ ಅನ್ನೋದು ಆಯೋಗದ ನಿಲುವು.

ಫಲಿತಾಂಶವನ್ನೂ ನೋಡೋಣ. ಬಾಂಬ್ ಬಿದ್ದ ನಂತರ ಗರ್ಭಧರಿಸಿದವರ ಮಕ್ಕಳಲ್ಲಿ ಅಂಗವೈಕಲ್ಯ ಹೆಚ್ಚಿದ್ದಕ್ಕೆ ಸ್ಪಷ್ಟ ಪುರಾವೆ ಸಿಗಲಿಲ್ಲ ಅಂತ ಜೇಮ್ಸ್ ನೀಲ್ ಮತ್ತು ವಿಲಿಯಂ ಶಲ್ 1956ರಲ್ಲಿ ವರದಿ ಕೊಟ್ಟರು. ಸಮಾಧಾನದ ಸುದ್ದಿಯೇ. ಆದರೆ ಬಾಂಬ್ ಬಿದ್ದಾಗಲೇ ಹೊಟ್ಟೆಯಲ್ಲಿದ್ದ ಕೂಸುಗಳ ಕಥೆ ಬೇರೆ. 8ರಿಂದ 15 ವಾರದ ಗರ್ಭಕ್ಕೆ ಹೆಚ್ಚು ವಿಕಿರಣ ತಗುಲಿದ್ದರೆ ಮಿದುಳಿಗೇ ಪೆಟ್ಟು. ಅವತ್ತು ಬಾಲಕಿಯರಾಗಿದ್ದವರಲ್ಲಿ ದಶಕಗಳ ನಂತರ ಸ್ತನ ಕ್ಯಾನ್ಸರ್ ಹೆಚ್ಚಾಗಿ ಕಾಣಿಸಿತು.

ಇಷ್ಟೆಲ್ಲ ಆದ ಮೇಲೂ 1975ರಲ್ಲಿ ಅಂತರರಾಷ್ಟ್ರೀಯ ವಿಕಿರಣ ಸುರಕ್ಷತಾ ಆಯೋಗ ಲೆಕ್ಕಾಚಾರಕ್ಕೆ ಇಟ್ಟುಕೊಂಡ ‘ಮಾದರಿ ಮನುಷ್ಯ’ ಯಾರು ಗೊತ್ತಾ? 20ರಿಂದ 30 ವರ್ಷದ, 70 ಕೆ.ಜಿ. ತೂಕದ ಬಿಳಿಯ ಗಂಡಸು! ಮಾಹಿತಿ ಕೊಟ್ಟವಳು ಹೆಣ್ಣು, ಮಾದರಿ ಮಾತ್ರ ಗಂಡು.

ಎಬಿಸಿಸಿಯ ಜಾಗಕ್ಕೆ ಅದೇ 1975ರಲ್ಲಿ ಜಪಾನ್-ಅಮೆರಿಕ ಜಂಟಿ ಸಂಸ್ಥೆ ಬಂತು. ಚಿಕಿತ್ಸೆ ಕೊಡದೆ ಪರೀಕ್ಷೆಯಷ್ಟೇ ಮಾಡಿದ್ದಕ್ಕೆ ಅದರ ಮುಖ್ಯಸ್ಥರು ವಿಷಾದ ಹೇಳಿದ್ದು 2017ರಲ್ಲಿ. ಅಷ್ಟರಲ್ಲಿ ಆ ತಾಯಂದಿರಲ್ಲಿ ಎಷ್ಟು ಜನ ಉಳಿದಿದ್ದರು?

ಸಂಶೋಧನೆ ಬೇಡ ಅಂತ ನಾನು ಖಂಡಿತ ಹೇಳಲ್ಲ. ಆ ಲೆಕ್ಕ ಇಲ್ಲದಿದ್ದರೆ ಇವತ್ತು ನಾವೆಲ್ಲ ಕತ್ತಲಲ್ಲಿರ್ತಿದ್ವಿ. ನನ್ನ ವಾದ ಇಷ್ಟೇ: ಸರ್ಕಾರ ದುಡ್ಡು ಕೊಟ್ಟು ಹೆಣ್ಣಿನ ದೇಹದ ಲೆಕ್ಕ ಕೇಳೋಕೆ ಬಂದರೆ, ಒಂದು ಕೈಯಲ್ಲಿ ಪುಸ್ತಕ ಇರಲಿ. ಇನ್ನೊಂದು ಕೈಯಲ್ಲಿ ಔಷಧಿ ಇರಲೇಬೇಕು.